ಸಾಲದಲ್ಲಿ ತೇಲಿದ ಯುದ್ಧನೌಕೆಗಳು

ಉಸ್ಮಾನಿಯಾ ಸಾಮ್ರಾಜ್ಯದ ವೈಭವವನ್ನು ನಾವು ರಣರಂಗದ ಕಥೆಗಳಲ್ಲಿ ಓದುತ್ತೇವೆ. ಅದರ ಲೆಕ್ಕಪುಸ್ತಕವನ್ನು ತೆರೆದು ನೋಡುವವರು ಕಡಿಮೆ.

1853ರ ನವೆಂಬರ್‌ನಲ್ಲಿ ಕಪ್ಪು ಸಮುದ್ರದ ಸಿನೋಪ್ ಬಂದರಿನಲ್ಲಿ ಲಂಗರು ಹಾಕಿದ್ದ ಉಸ್ಮಾನಿ ಹಡಗುಗಳ ಮೇಲೆ ರಶ್ಯಾದ ನೌಕಾಪಡೆ ಎರಗಿತು. ಅದರ ಫಿರಂಗಿಗಳು ಹಾರಿಸಿದ್ದು ಒಳಗೆ ಮದ್ದು ತುಂಬಿದ ಸಿಡಿಗುಂಡುಗಳನ್ನು. ಮರದ ಹಡಗುಗಳು ಕೆಲವೇ ಗಂಟೆಗಳಲ್ಲಿ ನಾಶವಾದವು. ಒಂದು ಹಬೆಹಡಗು ಮಾತ್ರ ತಪ್ಪಿಸಿಕೊಂಡಿತು.

1861ರಲ್ಲಿ ಅಧಿಕಾರಕ್ಕೆ ಬಂದ ಸುಲ್ತಾನ್ ಅಬ್ದುಲ್ ಅಝೀಝ್ ನೌಕಾಪಡೆಯನ್ನು ಹೊಸದಾಗಿ ಕಟ್ಟಲು ಹೊರಟರು. ಕಬ್ಬಿಣದ ಕವಚ ತೊಡಿಸಿದ ಯುದ್ಧನೌಕೆಗಳು ಬ್ರಿಟನ್ ಮತ್ತು ಫ್ರಾನ್ಸ್‌ಗಳಲ್ಲಿ ತಯಾರಾಗಿ ಬಂದವು. ಒಂದೂವರೆ ದಶಕದೊಳಗೆ ಅದು ಯುರೋಪಿನ ದೊಡ್ಡ ನೌಕಾಪಡೆಗಳಲ್ಲೊಂದಾಯಿತು.

ಆದರೆ ಹಣ ಎಲ್ಲಿಂದ ಬಂತು? ಕ್ರಿಮಿಯಾ ಯುದ್ಧದ ಖರ್ಚಿಗೆಂದು 1854ರಲ್ಲಿ ಸಾಮ್ರಾಜ್ಯವು ಮೊದಲ ವಿದೇಶಿ ಸಾಲ ಪಡೆದಿತ್ತು. ಆ ಬಳಿಕ ಸಾಲದ ಮೇಲೆ ಸಾಲ. ಕೊನೆಗೆ ಹಳೆಯ ಸಾಲದ ಬಡ್ಡಿ ಕಟ್ಟಲೂ ಹೊಸ ಸಾಲ. 1875ರ ಅಕ್ಟೋಬರ್‌ನಲ್ಲಿ, ಬಡ್ಡಿಯ ಅರ್ಧವನ್ನು ಮಾತ್ರ ನಗದಾಗಿ ಕೊಡುವುದಾಗಿ ಸರಕಾರ ಘೋಷಿಸಿತು. ಮರುವರ್ಷ ಅದೂ ನಿಂತಿತು. ಅದೇ ವರ್ಷ ಸುಲ್ತಾನರು ಪದಚ್ಯುತರಾದರು.

1877ರಲ್ಲಿ ರಶ್ಯಾದೊಂದಿಗೆ ಮತ್ತೆ ಯುದ್ಧ ನಡೆಯಿತು. ಕಪ್ಪು ಸಮುದ್ರದಲ್ಲಿ ಆಗ ರಶ್ಯಾಕ್ಕೆ ಹೇಳಿಕೊಳ್ಳುವಂತಹ ನೌಕಾಪಡೆ ಇರಲಿಲ್ಲ. ಆದರೂ ಡ್ಯಾನ್ಯೂಬ್ ನದಿಯಲ್ಲಿ ಸಣ್ಣ ದೋಣಿಗಳಲ್ಲಿ ಬಂದ ಅದರ ನಾವಿಕರು, ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಸ್ಫೋಟಕದಿಂದ 'ಸೈಫಿ' ಎಂಬ ಕವಚದ ನೌಕೆಯನ್ನು ಮುಳುಗಿಸಿದರು. ನೆಲದ ಮಾರ್ಗವಾಗಿ ಬಂದ ರಶ್ಯನ್ ಸೇನೆ ಇಸ್ತಾಂಬುಲಿನ ಹೊಸ್ತಿಲಿನವರೆಗೂ ತಲುಪಿತು. ದುಬಾರಿ ಹಡಗುಗಳು ಅದನ್ನು ತಡೆಯಲಾಗಲಿಲ್ಲ.

ನಿಜವಾದ ಸೋಲು 1881ರಲ್ಲಿ ಬಂತು. ಸಾಲ ಕೊಟ್ಟ ಯುರೋಪಿಯನ್ನರ ಪ್ರತಿನಿಧಿಗಳಿದ್ದ 'ದುಯೂನೆ ಉಮೂಮಿಯಾ' ಎಂಬ ಆಡಳಿತ ಮಂಡಳಿ ಇಸ್ತಾಂಬುಲಿನಲ್ಲೇ ಸ್ಥಾಪನೆಯಾಯಿತು. ಉಪ್ಪು, ತಂಬಾಕು, ರೇಷ್ಮೆ, ಮೀನು, ಸ್ಟ್ಯಾಂಪುಗಳ ಆದಾಯ ಅದರ ಕೈಸೇರಿತು. ರೈತನ ತಂಬಾಕಿನ ತೆರಿಗೆ ಲಂಡನ್, ಪ್ಯಾರಿಸ್‌ಗಳ ಬಡ್ಡಿಗೆ ಹೋಯಿತು. ಹಡಗುಗಳು ಬಂದರಿನಲ್ಲೇ ತುಕ್ಕು ಹಿಡಿದವು.

1914ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಜನರ ದೇಣಿಗೆಯೂ ಸೇರಿದ್ದ ಹಣದಿಂದ ಬ್ರಿಟನ್ನಿನಲ್ಲಿ ಕಟ್ಟಿಸಿದ ಎರಡು ಯುದ್ಧನೌಕೆಗಳನ್ನು, ಮಹಾಯುದ್ಧದ ಹೊಸ್ತಿಲಲ್ಲಿ ಬ್ರಿಟನ್ನೇ ವಶಪಡಿಸಿಕೊಂಡಿತು.

ದೇಶಕ್ಕೆ ರಕ್ಷಣೆ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಪರರ ಕಾರ್ಖಾನೆಯಲ್ಲಿ, ಪರರ ಹಣದಲ್ಲಿ ತಯಾರಾದ ಶಕ್ತಿಯು ಯಾರ ಶಕ್ತಿ ಎಂದು ಕೇಳಿಕೊಳ್ಳಬೇಕಾಗಿದೆ. ಆ ಸಾಮ್ರಾಜ್ಯ ಅಳಿದ ಮೇಲೂ ಅದರ ಸಾಲ ಉಳಿಯಿತು. ಅದರ ಕೊನೆಯ ಕಂತನ್ನು ತುರ್ಕಿ ಗಣರಾಜ್ಯವು ತೀರಿಸಿದ್ದು 1954ರಲ್ಲಿ, ಮೊದಲ ಸಾಲ ಪಡೆದ ಸರಿಯಾಗಿ ನೂರು ವರ್ಷಗಳ ಬಳಿಕ.