ಚಿನ್ನ ಹೋಯಿತು, ಮಣ್ಣು ಉಳಿಯಿತು



ನಿಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಒಂದು ಸವರನ್ ತೂಕದ ಉಂಗುರವಿದೆ ಎಂದಿಟ್ಟುಕೊಳ್ಳಿ. ತೂಕ ಎಂಟು ಗ್ರಾಂ. ಅದು ಕೋಲಾರದ ಚಿನ್ನವೇ ಆಗಿದ್ದರೆ ಅದರ ಹಿಂದೆ ಎಷ್ಟು ಮಣ್ಣು ಉಳಿದಿರಬಹುದು? ಲೆಕ್ಕ ಕಷ್ಟದ್ದಲ್ಲ. ಸುಮಾರು 120 ವರ್ಷಗಳಲ್ಲಿ ಕೋಲಾರದ ಗಣಿಗಳು ಕೊಟ್ಟ ಚಿನ್ನ 800 ಟನ್ನಿಗೂ ಹೆಚ್ಚು. ಇಂದು ಅಲ್ಲಿ ದಿಬ್ಬಗಳಾಗಿ ನಿಂತಿರುವ ಕಲ್ಲಿನ ಪುಡಿ ಸುಮಾರು 3.3 ಕೋಟಿ ಟನ್. ಭಾಗಿಸಿ ನೋಡಿ: ಒಂದು ಗ್ರಾಂ ಚಿನ್ನಕ್ಕೆ 41 ಕಿಲೋ ಪುಡಿ, ಒಂದು ಸವರನ್ನಿಗೆ 330 ಕಿಲೋ. ಅಂದರೆ ಮೂರು ಪಲ್ಲ ರಾಗಿಗಿಂತಲೂ ಹೆಚ್ಚಿನ ತೂಕ!

ಉಂಗುರ ಮದುವೆಯ ಮನೆಗೆ ಹೋಯಿತು. ಪುಡಿ ಎಲ್ಲಿಗೆ ಹೋಗಬೇಕೆಂದು ಯೋಚಿಸಿದವರು ಯಾರು? ಈ ಲೇಖನದ ವಿಷಯ ಅದೇ.

ಚಿನ್ನದ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. 1802ರಲ್ಲಿ ಮೋಜಣಿಗೆ ಬಂದ ಲೆಫ್ಟಿನೆಂಟ್ ಜಾನ್ ವಾರೆನ್ ಬಹುಮಾನ ಸಾರಿದಾಗ, ಹಳ್ಳಿಗರು ಗಾಡಿಗಳಲ್ಲಿ ಮಣ್ಣು ತಂದು ಅವನ ಮುಂದೆಯೇ ತೊಳೆದು ಚಿನ್ನದ ಕಣ ತೋರಿಸಿದರು. 1875ರಲ್ಲಿ ಲಾವೆಲ್ ಎಂಬ ನಿವೃತ್ತ ಸೈನಿಕನಿಗೆ ಮೈಸೂರು ಸರ್ಕಾರದಿಂದ ಗುತ್ತಿಗೆ ದೊರೆಯಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದಿತು. ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವು. 1956ರಲ್ಲಿ ಅವು ಮೈಸೂರು ರಾಜ್ಯದ ವಶಕ್ಕೆ, 1962ರಲ್ಲಿ ಕೇಂದ್ರದ ವಶಕ್ಕೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಯಿತು. 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು.

ಈಗ ಮಣ್ಣಿನ ಕಥೆ. ಅದಿರನ್ನು ಹಿಟ್ಟಿನಂತೆ ಅರೆಯದೆ ಚಿನ್ನ ಕೈಗೆ ಬರುವುದಿಲ್ಲ. ಮೊದಮೊದಲು ಪಾದರಸ ಬಳಸುತ್ತಿದ್ದರು, ಆದರೆ ಅದಕ್ಕೆ ಸಿಕ್ಕದೆ ಎಷ್ಟೋ ಚಿನ್ನ ಪುಡಿಯಲ್ಲೇ ಉಳಿದುಹೋಗುತ್ತಿತ್ತು. 1887ರಲ್ಲಿ ಗ್ಲಾಸ್ಗೋ ನಗರದಲ್ಲಿ ಮೆಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು ಹೊಸ ವಿಧಾನವೊಂದಕ್ಕೆ ಪೇಟೆಂಟ್ ಪಡೆದರು. ಅತಿ ತೆಳುವಾದ ಸೈನೈಡ್ ದ್ರಾವಣದಲ್ಲಿ, ಗಾಳಿಯ ಆಮ್ಲಜನಕದ ನೆರವಿನಿಂದ ಚಿನ್ನ ಕರಗುತ್ತದೆ. ಆ ದ್ರಾವಣಕ್ಕೆ ಸತುವನ್ನು ಸೇರಿಸಿದರೆ ಚಿನ್ನ ಮತ್ತೆ ಹೊರಬೀಳುತ್ತದೆ. ಉಳಿದ ಪುಡಿಯನ್ನು ಗಿರಣಿಯ ಪಕ್ಕದಲ್ಲೇ ಸುರಿದರು. ಸುರಿದದ್ದು ಬೆಳೆದು ದಿಬ್ಬವಾಯಿತು. ಊರಿನ ಜನ ಅದನ್ನು ಸೈನೈಡ್ ಗುಡ್ಡ ಎಂದು ಕರೆದರು.

ಹೆಸರು ಕೇಳಿ ಹೆದರುವವರಿಗೆ ಒಂದು ವಿಜ್ಞಾನದ ಮಾತು. ಬಿಸಿಲು ಗಾಳಿಗೆ ಸೈನೈಡ್ ಕಾಲಕ್ರಮದಲ್ಲಿ ಬಹುಮಟ್ಟಿಗೆ ವಿಭಜನೆಯಾಗುತ್ತದೆ. ಆದರೆ ಸಿಲಿಕಾ ವಿಭಜನೆಯಾಗುವುದಿಲ್ಲ. ಬೇಸಿಗೆಯ ಗಾಳಿಗೆ ಅದು ಮೇಲೇಳುತ್ತದೆ, ಮಳೆ ಬಂದರೆ ಕೊರಕಲುಗಳಲ್ಲಿ ಹರಿದು ತಗ್ಗಿಗೆ ಇಳಿಯುತ್ತದೆ. ಚಿತ್ರೀಕರಣಕ್ಕೆಂದು ಅಲ್ಲಿಗೆ ಹೋದಾಗ ನಮ್ಮ ಕ್ಯಾಮೆರಾಮನ್ ಲೆನ್ಸನ್ನು ಮತ್ತೆ ಮತ್ತೆ ಒರೆಸಬೇಕಾಯಿತು. ನಾವು ಸಂಜೆಗೆ ಬೆಂಗಳೂರಿಗೆ ಮರಳಿದೆವು, ಅಲ್ಲಿಯ ಮಕ್ಕಳು ಅಲ್ಲೇ ಆಡುತ್ತಿದ್ದರು. ಈ ಧೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆಂಬುದು ಹೊಸ ಸಂಗತಿಯಲ್ಲ. ಕೋಲಾರದ ಗಣಿ ಕಾರ್ಮಿಕರಲ್ಲಿ ಸಿಲಿಕೋಸಿಸ್ ರೋಗವಿರುವುದು 1947ರಷ್ಟು ಹಿಂದೆಯೇ ವರದಿಯಾಗಿತ್ತು.

ಹಾಗಾದರೆ ಈ ದಿಬ್ಬಗಳನ್ನು ಯೋಜಿಸಿದ ಎಂಜಿನಿಯರುಗಳು ದಡ್ಡರೇ? ಅಲ್ಲ. ಮೂರು ಕಿಲೋಮೀಟರ್ ಆಳಕ್ಕೆ ಮನುಷ್ಯರನ್ನು ಇಳಿಸಿ, ಮತ್ತೆ ಮೇಲೆತ್ತಿದ ಸಮರ್ಥರು ಅವರು. ಆದರೆ ಅವರ ಮುಂದಿದ್ದ ಪ್ರಶ್ನೆ ಒಂದೇ: ಚಿನ್ನ ತೆಗೆಯುವುದು ಹೇಗೆ? ಗಣಿ ಮುಗಿದ ಮೇಲೆ ಏನು ಎಂದು ಯಾರೂ ಕೇಳಲಿಲ್ಲ, ಕೇಳಬೇಕೆಂದು ಕಾನೂನೂ ಹೇಳಲಿಲ್ಲ.

ಕಾನೂನು ನಿಧಾನವಾಗಿ ಬಂದಿತು. 1957ರ ಗಣಿ ಮತ್ತು ಖನಿಜ ಕಾಯಿದೆಗೆ 1986ರಲ್ಲಿ ಆದ ತಿದ್ದುಪಡಿಯಿಂದ, ಪ್ರಮುಖ ಖನಿಜಗಳ ಗುತ್ತಿಗೆಗೆ ಮುನ್ನ ಗಣಿ ಯೋಜನೆ ಕಡ್ಡಾಯವಾಯಿತು. ಇಂಥ ಗಣಿಗಳಿಗೆ ಮುಚ್ಚುವ ಯೋಜನೆಯೂ ಇರಬೇಕೆಂಬ ನಿಯಮ ಬಂದದ್ದು 2003ರಲ್ಲಿ. ಕೋಲಾರದ ಗಣಿ ಮುಚ್ಚಿ ಆಗಲೇ ಎರಡು ವರ್ಷವಾಗಿತ್ತು ಎಂಬುದು ಗಮನಾರ್ಹ.

ಹೀಗೆ ಒಂದು ಹೊಸ ವೃತ್ತಿಯೂ ಹುಟ್ಟಿತು. ಗಣಿ ಯೋಜನೆಯನ್ನು ಯಾರು ಬೇಕಾದರೂ ಬರೆಯುವಂತಿಲ್ಲ. ಗಣಿಗಾರಿಕೆ ಎಂಜಿನಿಯರಿಂಗ್ ಪದವಿ ಅಥವಾ ಭೂವಿಜ್ಞಾನದ ಸ್ನಾತಕೋತ್ತರ ಪದವಿ, ಅದರ ಜೊತೆಗೆ ಕ್ಷೇತ್ರದ ಅನುಭವ ಬೇಕು. ಅದಿರು ಎಷ್ಟಿದೆ, ಎಷ್ಟು ವರ್ಷ ಬರುತ್ತದೆ, ಮೇಲ್ಮಣ್ಣನ್ನು ಎಲ್ಲಿ ಕಾಪಾಡಬೇಕು, ತ್ಯಾಜ್ಯದ ದಿಬ್ಬದ ಇಳಿಜಾರು ಎಷ್ಟಿರಬೇಕು, ಮಳೆನೀರು ಯಾವ ಕೆರೆಗೆ ಹರಿಯುತ್ತದೆ, ಕೊನೆಗೆ ಗುಂಡಿಯನ್ನು ಏನು ಮಾಡಬೇಕು - ಇಷ್ಟನ್ನೂ ನಕ್ಷೆ ಸಹಿತ ಬರೆದು ಸಹಿ ಹಾಕುವುದು ಆತನ ಕೆಲಸ. ಇಲ್ಲೊಂದು ಇಕ್ಕಟ್ಟಿದೆ. ಆತನಿಗೆ ಸಂಭಾವನೆ ಕೊಡುವವನು ಗುತ್ತಿಗೆದಾರ, ಆತನ ಲೆಕ್ಕ ತಪ್ಪಿದರೆ ಧೂಳು ಕುಡಿಯುವವರು ಪಕ್ಕದ ಹಳ್ಳಿಯವರು. ಆ ಹಳ್ಳಿಯವರು ಆತನನ್ನು ಎಂದೂ ಕಂಡಿರುವುದಿಲ್ಲ.

ಇದು ಚಿನ್ನದ ಗಣಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಮಾಲೂರಿನ ಹೆಂಚು, ಇಟ್ಟಿಗೆಗೆ ಜೇಡಿಮಣ್ಣು ಬೇಕು. ಟೇಕಲ್‌ನ ಕಲ್ಲುಕುಟಿಗರಿಗೆ ಬಂಡೆ ಬೇಕು. ಇಂಥ ಉಪಖನಿಜಗಳ ಸಣ್ಣ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2012ರಲ್ಲಿ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಬರುವ ವಿದ್ಯಾರ್ಥಿಗಳು ತಮ್ಮ ಊರಿನ ಹಳೆಯ ಕಲ್ಲುಕ್ವಾರಿಯ ಅಂಚಿನಲ್ಲಿ ನಿಂತು ಒಮ್ಮೆ ಕೇಳಿಕೊಳ್ಳಲಿ: ಈ ಗುಂಡಿಯ ಮುಂದಿನ ಗತಿ ಏನು?

ನಮ್ಮ ಹಿರಿಯರಿಗೆ ಈ ವಿವೇಕ ಇರಲಿಲ್ಲವೆಂದೂ ಅಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ತೆಗೆದು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಗೆ ಅದು ಹೂಳು, ಹೊಲಕ್ಕೆ ಗೊಬ್ಬರ. ತೆಗೆಯುವ ಮೊದಲೇ ಎಲ್ಲಿ ಹಾಕಬೇಕೆಂಬುದು ತೀರ್ಮಾನವಾಗಿರುತ್ತಿತ್ತು. ಯೋಜನೆ ಎಂದರೆ ಇದೇ ತಾನೇ!

ಈ ಮಾತು ಈಗ ಮತ್ತೆ ಮುಖ್ಯವಾಗಿದೆ. ದಿಬ್ಬಗಳ ಪುಡಿಯಲ್ಲಿ ಇನ್ನೂ ಅಲ್ಪಸ್ವಲ್ಪ ಚಿನ್ನ ಉಳಿದಿದೆ. ಸಾವಿರ ಎಕರೆಯಷ್ಟು ಜಾಗದಲ್ಲಿರುವ 13 ದಿಬ್ಬಗಳಿಂದ ಅದನ್ನು ಪಡೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಆದರೆ ಒಂದು ಟನ್ ಪುಡಿಯಿಂದ ಒಂದು ಗ್ರಾಂ ತೆಗೆದರೂ ಉಳಿದ 9,99,999 ಗ್ರಾಂ ಪುಡಿ ಹಾಗೆಯೇ ಇರುತ್ತದೆ. ಅದನ್ನು ಎಲ್ಲಿ ಇಡಬೇಕು, ಹೇಗೆ ಮುಚ್ಚಬೇಕು, ಅದರ ಮೇಲೆ ಏನು ಬೆಳೆಯಬೇಕು? ಈ ಸಲ ಉತ್ತರವನ್ನು ಮೊದಲೇ ಬರೆಯಬೇಕು. ಅದನ್ನು ಬರೆಯುವವರು ನಿಮ್ಮಲ್ಲೇ ಒಬ್ಬರಾಗಿರಬಹುದು. ಹಾಗಾದರೆ ಸಹಿ ಹಾಕುವ ಮುನ್ನ ಒಂದು ಗಾಳಿಯ ದಿನ ದಿಬ್ಬದ ಕೆಳಗಿನ ಬೀದಿಯಲ್ಲಿ ನಡೆದು ಬನ್ನಿ.