ಶುದ್ಧ ಕರೆಂಟಿನ ಮೈಲಿಗೆ ಯಾರ ಪಾಲಿಗೆ?

ಪರಮಾಣು ವಿದ್ಯುತ್ತಿಗೆ ಈಗ ಹೊಸ ಹೆಸರು ಬಂದಿದೆ. ಶುದ್ಧ ಶಕ್ತಿ ಅಂತ. ಭೂಮಿ ಕಾಯುತ್ತಿದೆ, ಕಲ್ಲಿದ್ದಲಿನ ಹೊಗೆ ನಿಲ್ಲಬೇಕು, ಹೊಗೆಯಿಲ್ಲದೆ ಹಗಲೂ ರಾತ್ರಿ ಕರೆಂಟು ಕೊಡುವುದು ಅಣುಸ್ಥಾವರವೇ ಎಂದು ಮಂತ್ರಿಗಳು, ಕಂಪನಿಯವರು, ಕೆಲವು ವಿಜ್ಞಾನಿಗಳು ಹೇಳುತ್ತಿದ್ದಾರೆ. ಅದು ವಿಷ, ಬೇಡವೇ ಬೇಡ ಎಂದು ಇನ್ನೊಂದು ಗುಂಪು ಹೇಳುತ್ತಿದೆ. ಈ ಜಗಳ ಇಂಗ್ಲಿಷ್ ಪತ್ರಿಕೆಗಳಲ್ಲಿ ಜೋರಾಗಿದೆ, ನಮ್ಮ ಕೇರಿಗಳಿಗೆ ಇನ್ನೂ ಮುಟ್ಟಿಲ್ಲ. ಆದರೆ ಶುದ್ಧ ಎಂಬ ಮಾತು ಕಿವಿಗೆ ಬಿದ್ದ ಕೂಡಲೆ ನಮ್ಮ ಜನಕ್ಕೆ ಒಂದು ಅನುಮಾನ ಬರಬೇಕು. ಈ ದೇಶದಲ್ಲಿ ಒಬ್ಬರು ಮಡಿಯಾಗಿರಬೇಕಾದರೆ ಇನ್ನೊಬ್ಬರು ಮೈಲಿಗೆ ಹೊರಬೇಕು. ಅಗ್ರಹಾರ ಚೊಕ್ಕಟವಾಗಿದ್ದದ್ದು ಸತ್ತ ದನ ಹೊತ್ತವರಿಂದ, ಕಕ್ಕಸು ಬಳಿದವರಿಂದ. ಹಾಗಾದರೆ ಈ ಶುದ್ಧ ಕರೆಂಟಿನ ಮೈಲಿಗೆ ಹೊತ್ತವರು ಯಾರು? ಚರಿತ್ರೆಯನ್ನೇ ಕೇಳೋಣ.

ಮೊದಲು ಒಂದು ಮಾತು ಖಚಿತವಾಗಲಿ. ನಾವು ಕರೆಂಟಿನ ವಿರೋಧಿಗಳಲ್ಲ. ಚಿಮಣಿ ಬುಡ್ಡಿಯ ಹೊಗೆ ಕುಡಿದು ಓದಿದವರಿಗೆ ಬಲ್ಬಿನ ಬೆಲೆ ಗೊತ್ತು. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಾಗ ನೀರಾವರಿ, ವಿದ್ಯುತ್ತು ಕೂಡ ಅವರ ಕೈಯಲ್ಲಿದ್ದವು. 1943ರ ಅಕ್ಟೋಬರಿನಲ್ಲಿ ವಿದ್ಯುತ್ ನೀತಿಯನ್ನು ಚರ್ಚಿಸಲು ಸೇರಿದ ಸಮಿತಿಯ ಮುಂದೆ ಅವರು ಮಾತಾಡಿದರು. ಕೈಗಾರಿಕೆ ಬೆಳೆಯದೆ ಬಡವರು ಬಡತನದ ಸುಳಿಯಿಂದ ಪಾರಾಗುವುದಿಲ್ಲ, ಅಗ್ಗವಾದ, ಹೇರಳವಾದ ವಿದ್ಯುತ್ತಿಲ್ಲದೆ ಕೈಗಾರಿಕೆ ಬೆಳೆಯುವುದಿಲ್ಲ ಎಂಬುದು ಅವರ ವಾದದ ತಿರುಳು. ಅಂದರೆ ಬಾಬಾಸಾಹೇಬರಿಗೆ ವಿದ್ಯುತ್ತು ಬಿಡುಗಡೆಯ ಸಾಧನ. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದೇ ಮುಂದಿನ ಎಲ್ಲವನ್ನೂ ಅಳೆಯಬೇಕು.

ಅಳೆದರೆ ಏನು ಕಾಣುತ್ತದೆ? ನಮ್ಮ ನಾಡಿನಲ್ಲೇ ನೋಡಿ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ಕರೆಂಟು ಮೊದಲು ಓಡಿದ್ದು ಕೋಲಾರದ ಚಿನ್ನದ ಗಣಿಗೆ. ಗಣಿ ಬ್ರಿಟಿಷ್ ಕಂಪನಿಯದು. ಒಳಗೆ ಇಳಿದವರಲ್ಲಿ ಬಹುಪಾಲು ತಮಿಳು ಜಿಲ್ಲೆಗಳಿಂದ ಬಂದ ದಲಿತರು. ಕಲ್ಲಿನ ದೂಳು ಅವರ ಪುಪ್ಪುಸದಲ್ಲಿ ಕೂತಿತು. 2001ರಲ್ಲಿ ಗಣಿ ಮುಚ್ಚಿದರು. ಚಿನ್ನ ಹೋಯಿತು, ಸಯನೈಡ್ ಕಲಸಿದ ಮಣ್ಣಿನ ಗುಡ್ಡಗಳು ಉಳಿದವು. ಗಾಳಿ ಬೀಸಿದಾಗ ಆ ದೂಳು ಇವತ್ತಿಗೂ ಕಾರ್ಮಿಕರ ಸಾಲುಮನೆಗಳಿಗೆ ನುಗ್ಗುತ್ತದೆ. ಒಬ್ಬನಿಗೆ ಬೆಳಕು, ಇನ್ನೊಬ್ಬನಿಗೆ ದೂಳು ಎಂಬ ಪಾಲುಪಟ್ಟಿ ಅಣುಸ್ಥಾವರಕ್ಕಿಂತ ಹಳೆಯದು.

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಅಣುಶಕ್ತಿ ಕಾಯ್ದೆ ಬಂತು. ಹೋಮಿ ಭಾಭಾ ಅದರ ನಾಯಕರು. 1980ರ ಹೊತ್ತಿಗೆ 8,000 ಮೆಗಾವಾಟ್ ಎಂದು 1954ರಲ್ಲಿ ಲೆಕ್ಕ ಹಾಕಿದರು. 1969ರಲ್ಲಿ ತಾರಾಪುರ ಶುರುವಾಯಿತು, ಆಮೇಲೆ ರಾಜಸ್ಥಾನದ ರಾವತ್‌ಭಾಟಾ. 1980 ಬಂದಾಗ ಎರಡೂ ಸೇರಿ ಸಾವಿರ ಮೆಗಾವಾಟ್ ಕೂಡ ಇರಲಿಲ್ಲ. ಇವತ್ತಿಗೂ ದೇಶದ ವಿದ್ಯುತ್ತಿನಲ್ಲಿ ಅಣುವಿನ ಪಾಲು ನೂರಕ್ಕೆ ಸುಮಾರು ಮೂರು. ಇದನ್ನೆಲ್ಲ ಕೇಳೋಣವೆಂದರೆ 1962ರ ಕಾಯ್ದೆ ಗುಟ್ಟಿನ ಬೀಗ ಹಾಕಿತ್ತು. 1974ರಲ್ಲಿ ಪೋಖ್ರಾನಿನಲ್ಲಿ ಸ್ಫೋಟ ನಡೆಸಿದಾಗ ಅದಕ್ಕೆ ನಗುವ ಬುದ್ಧನ ಹೆಸರಿಟ್ಟರು. ನಮ್ಮ ಬುದ್ಧನನ್ನೂ ಬಿಡಲಿಲ್ಲ ಇವರು.

ಕರ್ನಾಟಕಕ್ಕೆ ಅಣು ಬಂದದ್ದು ಕೈಗಾಕ್ಕೆ. ಉತ್ತರ ಕನ್ನಡದ ಕಾಡಿನ ನಡುವೆ, ಕಾಳಿ ನದಿಯ ಕದ್ರಾ ಅಣೆಕಟ್ಟೆಯ ಹಿನ್ನೀರಿನ ದಂಡೆಯಲ್ಲಿ. 1986ರಲ್ಲಿ ಚೆರ್ನೋಬಿಲ್ ಸಿಡಿದಿತ್ತು, ಜನರಲ್ಲಿ ಭಯವಿತ್ತು. ಶಿವರಾಮ ಕಾರಂತರು ಕೈಗಾ ವಿರೋಧಿಸಿ ತಮ್ಮ ಇಳಿವಯಸ್ಸಿನಲ್ಲಿ, 1989ರಲ್ಲಿ, ಲೋಕಸಭೆಗೆ ನಿಂತು ಸೋತರು. 1994ರ ಮೇ 13ರಂದು, ಇಂಧನ ತುಂಬುವ ಮೊದಲೇ, ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಗಿನಿಂದ ಟನ್ನುಗಟ್ಟಲೆ ಕಾಂಕ್ರೀಟ್ ಕಳಚಿ ಬಿತ್ತು. ಗಾಯಗೊಂಡವರು ಕೂಲಿಯವರು. 2000ದಲ್ಲಿ ಮೊದಲ ಎರಡು ಘಟಕ ಓಡಿದವು. 2009ರಲ್ಲಿ ಅಲ್ಲಿನ ಕುಡಿಯುವ ನೀರಿನಲ್ಲಿ ಟ್ರಿಟಿಯಂ ಬೆರೆತು 50ಕ್ಕೂ ಹೆಚ್ಚು ಕೆಲಸಗಾರರ ಮೈ ಸೇರಿತು. ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅದೇ ಕೈಗಾದ ಒಂದನೆಯ ಘಟಕ 2016ರ ಮೇ ತಿಂಗಳಿಂದ 2018ರ ಕೊನೆಯವರೆಗೆ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿತು. ಈಗ ನಾಲ್ಕು ಘಟಕ ಸೇರಿ 880 ಮೆಗಾವಾಟ್.

ಕೈಗಾ ಜಗಳದ ಕಾಲದಲ್ಲಿ ಭೂಮಿಯ ಬಿಸಿಯ ಮಾತನ್ನು ಯಾರೂ ಮುಂದಿಟ್ಟು ವಾದಿಸಲಿಲ್ಲ. ಆಗಿನ ಮಾತು ಕರೆಂಟಿನ ಕೊರತೆ, ಕಾಡು, ವಿಕಿರಣ. ಹವಾಮಾನದ ವರದಿ ಕೊಡುವ ವಿಶ್ವಸಂಸ್ಥೆಯ ಸಮಿತಿ ಹುಟ್ಟಿದ್ದೇ 1988ರಲ್ಲಿ. 2004ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಲವ್‌ಲಾಕ್ ತಮ್ಮ ಪರಿಸರವಾದಿ ಗೆಳೆಯರಿಗೇ ಅಣುವಿರೋಧ ಬಿಡಿ ಎಂದರು. 2013ರಲ್ಲಿ ಅಮೆರಿಕದ ಜೇಮ್ಸ್ ಹ್ಯಾನ್ಸೆನ್ ಮತ್ತು ಇತರ ಮೂವರು ಹವಾಮಾನ ವಿಜ್ಞಾನಿಗಳು ಅದೇ ಮಾತನ್ನು ಬಹಿರಂಗ ಪತ್ರದಲ್ಲಿ ಬರೆದರು. ಜರ್ಮನಿ ಮಾತ್ರ 2023ರ ಏಪ್ರಿಲ್‌ನಲ್ಲಿ ತನ್ನ ಕೊನೆಯ ಮೂರು ಅಣುಸ್ಥಾವರ ಮುಚ್ಚಿತು, ಕಲ್ಲಿದ್ದಲು ಇನ್ನೂ ಉರಿಯುತ್ತಿರುವಾಗಲೇ. ಅದೇ ವರ್ಷದ ಡಿಸೆಂಬರಿನಲ್ಲಿ ದುಬೈ ಸಮ್ಮೇಳನದಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳು 2050ರೊಳಗೆ ಅಣುವಿದ್ಯುತ್ತನ್ನು ಮೂರುಪಟ್ಟು ಮಾಡಬೇಕೆಂದು ಘೋಷಿಸಿದವು. 2025ರ ಬಜೆಟ್ಟಿನಲ್ಲಿ ನಮ್ಮ ಸರ್ಕಾರ 2047ಕ್ಕೆ 1 ಲಕ್ಷ ಮೆಗಾವಾಟ್ ಗುರಿ ಇಟ್ಟಿತು.

ಈ ವಾದವನ್ನು ಸುಳ್ಳು ಎಂದು ತಳ್ಳಿಹಾಕುವಂತಿಲ್ಲ. ಗಣಿಯಿಂದ ಹಿಡಿದು ಸ್ಥಾವರ ಕೆಡವುವವರೆಗಿನ ಲೆಕ್ಕ ತೆಗೆದು ವಿಶ್ವಸಂಸ್ಥೆಯ ಆ ಸಮಿತಿ 2014ರಲ್ಲಿ ಒಂದು ಪಟ್ಟಿ ಕೊಟ್ಟಿತು. ಒಂದು ಯೂನಿಟ್ ಕರೆಂಟಿಗೆ ಕಲ್ಲಿದ್ದಲು ಉಗುಳುವ ಬಿಸಿಯನಿಲ ಸುಮಾರು 820 ಗ್ರಾಮು, ಅಣು 12, ಗಾಳಿ 11, ದೊಡ್ಡ ಸೌರಸ್ಥಾವರ 48. ಬಿಸಿ ಏರಿದರೆ ಮೊದಲು ಬೇಯುವವರು ಯಾರು? ರಾಯಚೂರು, ಕಲಬುರ್ಗಿಯ ಬಿಸಿಲಲ್ಲಿ ಕಲ್ಲು ಹೊರುವವರು, ಹತ್ತಿ ಬಿಡಿಸುವವರು. ತಂಪು ಕೋಣೆಯವರಲ್ಲ. ಹಾಗಾಗಿ ಹೊಗೆ ನಿಲ್ಲಲಿ ಎಂದು ಎಲ್ಲರಿಗಿಂತ ಮೊದಲು ಕೇಳಬೇಕಾದವರೂ ನಾವೇ.

ಆದರೆ ಆ 12 ಗ್ರಾಮಿನ ಲೆಕ್ಕದಲ್ಲಿ ಮನುಷ್ಯ ಇಲ್ಲ. ಜಾರ್ಖಂಡಿನ ಸಿಂಗಭೂಮಿಯ ಜಾದೂಗುಡಕ್ಕೆ ಹೋಗಿ. ಸಂತಾಲರ, ಹೋ ಜನರ ನೆಲ. ಅರುವತ್ತರ ದಶಕದ ಕೊನೆಯಿಂದ ಈ ದೇಶದ ಅಣುಸ್ಥಾವರಗಳಿಗೆ ಯುರೇನಿಯಂ ಕೊಟ್ಟ ನೆಲ. ಅಲ್ಲಿ ಸಾವಿರ ಕಿಲೋ ಅದಿರು ಅಗೆದರೆ ಒಂದು ಕಿಲೋ ಯುರೇನಿಯಂ ಕೂಡ ಸಿಗುವುದಿಲ್ಲ. ಉಳಿದದ್ದೆಲ್ಲ ನುಣ್ಣಗೆ ಅರೆದ ರಾಡಿ. ಅದಿರಿನ ವಿಕಿರಣದಲ್ಲಿ ನೂರಕ್ಕೆ ಸುಮಾರು 85 ಪಾಲು ಆ ರಾಡಿಯಲ್ಲೇ ಉಳಿಯುತ್ತದೆ. ಅದರೊಳಗಿನ ರೇಡಿಯಂ ಅರ್ಧ ಕರಗಲು 1,600 ವರ್ಷ ಬೇಕು. ಆ ರಾಡಿಯನ್ನು ಆದಿವಾಸಿ ಊರುಗಳ ಮಗ್ಗುಲಲ್ಲೇ ಕೆರೆ ಕಟ್ಟಿ ತುಂಬಿದರು. 2006ರ ಡಿಸೆಂಬರ್ 24ರಂದು ರಾಡಿ ಸಾಗಿಸುವ ಕೊಳವೆ ಒಡೆದು ಹಳ್ಳಕ್ಕೆ ಹರಿಯಿತು. ಅಂಗವಿಕಲ ಮಕ್ಕಳು ಹೆಚ್ಚು ಹುಟ್ಟುತ್ತಿದ್ದಾರೆ ಎಂದು ಊರವರೂ ಕೆಲವು ವೈದ್ಯರೂ ಹೇಳಿದರು. ಗಣಿ ನಿಗಮ ಇಲ್ಲ ಎಂದಿತು. ನ್ಯಾಯಾಲಯದಲ್ಲೂ ಊರವರ ಕೈ ಮೇಲಾಗಲಿಲ್ಲ. ಜಪಾನಿನ ಕಥೆಯೂ ಬೇರೆಯಲ್ಲ. 2011ರಲ್ಲಿ ಫುಕುಶಿಮಾ ಸಿಡಿದ ಮೇಲೆ ವಿಷ ಬಳಿಯಲು ಇಳಿದವರಲ್ಲಿ ಬಹಳ ಜನ ಕಂತ್ರಾಟುದಾರನ ಕೆಳಗಿನ ಕಂತ್ರಾಟುದಾರ ತಂದ ದಿನಗೂಲಿಗಳು.

ಹಾಗಾದರೆ ಸೂರ್ಯನನ್ನೇ ನಂಬೋಣ ಅನ್ನುತ್ತೀರಾ? ಅಲ್ಲಿಯೂ ಇದೇ ಪ್ರಶ್ನೆ ಕೇಳಿ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರಪಾರ್ಕು ಎದ್ದಿತು. ಕೈಗಾದ ಮೊದಲ ಘಟಕಕ್ಕೆ ಹಿಡಿದ ಕಾಲದ ಅರ್ಧವೂ ಬೇಕಾಗಲಿಲ್ಲ. ಅದು ಒಳ್ಳೆಯದೇ. ಭೂಮಿ ಇದ್ದವರಿಗೆ ವರ್ಷ ವರ್ಷ ಬಾಡಿಗೆ. ಆ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಏನೂ ಇಲ್ಲ. ಪತ್ರ ಇಲ್ಲದವನಿಗೆ ಪರಿಹಾರವೂ ಇಲ್ಲ. ವಿಕಿರಣದ ವಿಷಕ್ಕೂ ಕೂಲಿ ತಪ್ಪುವುದಕ್ಕೂ ಅಜಗಜಾಂತರ ಇದೆ, ನಿಜ. ಆದರೆ ಪಾಲು ಹಂಚುವ ಕೈ ಎರಡೂ ಕಡೆ ಒಂದೇ.

ಈ ಮಾತೆಲ್ಲ ಜಾರ್ಖಂಡಿನದು ಎಂದು ಸುಮ್ಮನಿರುವ ಹಾಗಿಲ್ಲ. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯ ನೆಲದಡಿ ಯುರೇನಿಯಂ ಸಿಕ್ಕಿದೆ. ಗಣಿ ಬೇಡವೆಂದು ಅಲ್ಲಿನ ಜನ ಪ್ರತಿಭಟಿಸಿದ್ದಾರೆ. ಇತ್ತ 2025ರ ಸೆಪ್ಟೆಂಬರಿನಲ್ಲಿ ಕೇಂದ್ರದ ಪರಿಸರ ಮಂತ್ರಾಲಯ ಯುರೇನಿಯಂನಂಥ ಅಣುಖನಿಜದ ಗಣಿಗಳಿಗೆ ಸಾರ್ವಜನಿಕ ವಿಚಾರಣೆ ಬೇಕಿಲ್ಲ ಎಂದಿತು. ಡಿಸೆಂಬರಿನಲ್ಲಿ ಸಂಸತ್ತು ಹೊಸ ಅಣು ಕಾಯ್ದೆ ಪಾಸು ಮಾಡಿ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಕೆಟ್ಟ ಯಂತ್ರ ಮಾರಿದವನ ಮೇಲೆ ಪರಿಹಾರಕ್ಕೆ ಹೋಗಲು 2010ರ ಕಾಯ್ದೆಯಲ್ಲಿದ್ದ ಕಲಮು ಇದರಲ್ಲಿ ಇಲ್ಲ. ಇಂಗ್ಲಿಷ್ ಅಕ್ಷರ ಜೋಡಿಸಿ ಈ ಕಾಯ್ದೆಗೆ ಇಟ್ಟ ಹೆಸರು ಶಾಂತಿ. ಆಗ ಬುದ್ಧ, ಈಗ ಶಾಂತಿ.

ಊರವನು ಮೈಕಿನ ಮುಂದೆ ನಿಂತು ನನ್ನ ಬಾವಿ ಏನಾಗುತ್ತದೆ ಸ್ವಾಮಿ ಎಂದು ಕೇಳಬಹುದಾಗಿದ್ದ ಒಂದೇ ಒಂದು ಜಾಗ ಆ ವಿಚಾರಣೆ. ಅದನ್ನೇ ಕಿತ್ತುಕೊಂಡ ಮೇಲೆ ಶುದ್ಧ ಶಕ್ತಿಯ ಮಾತನ್ನು ನಂಬಿ ಎನ್ನುವುದು ಹೇಗೆ? ಅಣು ಬೇಕೋ ಬೇಡವೋ ಎಂದು ದಿಲ್ಲಿಯವರು ಕೇಳಲಿ. ನಮ್ಮ ಬೇಡಿಕೆ ಬೇರೆ. ವಿಚಾರಣೆ ವಾಪಸು ಬರಬೇಕು. ಗಣಿಗೆ ಒಂದು ಗುದ್ದಲಿ ಬೀಳುವ ಮೊದಲು ಊರಿನ ಬಾವಿನೀರು, ಮಣ್ಣು, ಮಕ್ಕಳ ಆರೋಗ್ಯ ಎಲ್ಲದರ ಪರೀಕ್ಷೆ ಆಗಬೇಕು. ಆ ದಾಖಲೆ ಕನ್ನಡದಲ್ಲಿ, ಊರ ಶಾಲೆಯಲ್ಲಿ ಇರಬೇಕು. ಮೊದಲಿನ ಲೆಕ್ಕ ಕೈಯಲ್ಲಿಲ್ಲದ ಜನ ನಾಳೆ ಏನು ಹೇಳಿದರೂ ಅದನ್ನು ಬರಿಯ ಗೊಣಗಾಟ ಎಂದು ತಳ್ಳಿಹಾಕುತ್ತಾರೆ. ಈ ಕೆಲಸಕ್ಕೆ ದೊಡ್ಡ ವಿಜ್ಞಾನಿಗಳೇ ಬೇಕೆಂದಿಲ್ಲ. ಹಳ್ಳಿಯ ಮೇಷ್ಟ್ರು, ಕಾಲೇಜಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು, ಗ್ರಾಮಸಭೆಯ ನಡಾವಳಿ ಪುಸ್ತಕ ಇಷ್ಟು ಇದ್ದರೆ ಶುರು ಮಾಡಬಹುದು. ಯಾದಗಿರಿಯ ಗೆಳೆಯರು ಮುಂದಿನ ಗ್ರಾಮಸಭೆಯಲ್ಲೇ ಇದನ್ನು ಎತ್ತಲಿ, ಉಳಿದವರು ಅವರ ಜೊತೆ ನಿಲ್ಲಲಿ.