ರೋಬೋಟ್ ಕಾರಿನ ಡಬ್ಬಿಗೆ ಗಾಳಿಯಾಡದಂತೆ ಅಂಟು ಮೆತ್ತಿದರೆ ಮಳೆನೀರು ಒಳಗೆ ಹೋಗುವುದಿಲ್ಲವೇ?

ಮನೆಯೊಳಗೆ ಚೆನ್ನಾಗಿ ಓಡುವ ರೋಬೋಟ್ ಕಾರನ್ನು ಅಂಗಳಕ್ಕೆ ಇಳಿಸುವಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಸರ್ಕ್ಯೂಟನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಸಂದುಗಳಿಗೆಲ್ಲ ಅಂಟು ಮೆತ್ತುವುದು. ಗಾಳಿಯೇ ಹೋಗದ ಕಡೆ ನೀರು ಹೇಗೆ ಹೋದೀತು ಎಂಬುದು ತರ್ಕ. ಕೇಳಲು ಸರಿ ಎನಿಸಿದರೂ ಡಬ್ಬಿಯೊಳಗೆ ನಡೆಯುವುದು ಬೇರೆಯೇ.

ಬಿಸಿಲಲ್ಲಿ ನಿಂತ ಕಾರಿನ ಡಬ್ಬಿಯೊಳಗಿನ ಗಾಳಿ 60 ಡಿಗ್ರಿಗೆ ಕಾದಿದೆ ಎಂದುಕೊಳ್ಳೋಣ. ಹಿಗ್ಗಿದ ಗಾಳಿ ಕಣ್ಣಿಗೆ ಕಾಣದ ಬಿರುಕುಗಳಿಂದ ನಿಧಾನವಾಗಿ ಹೊರಗೆ ಸೋರುತ್ತದೆ. ದಿಢೀರನೆ ಮಳೆ ಬಂದು ಅದು 25 ಡಿಗ್ರಿಗೆ ತಣಿದರೆ ಒಳಗಿನ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕುಸಿಯುತ್ತದೆ. ಇದು 1 ಮೀಟರ್ ನೀರಿನ ಒತ್ತಡಕ್ಕೆ ಹೆಚ್ಚುಕಡಿಮೆ ಸಮ. ಸ್ಟ್ರಾದಿಂದ ಎಳನೀರು ಹೀರುವಂತೆ, ಸಂದಿಯ ಮೇಲೆ ನಿಂತ ಹನಿಯನ್ನು ಡಬ್ಬಿಯೇ ಒಳಕ್ಕೆ ಎಳೆದುಕೊಳ್ಳುತ್ತದೆ. ಬಂದ ನೀರಿಗೆ ಹೊರಹೋಗುವ ದಾರಿಯಿಲ್ಲ. ಹಗಲು ಆವಿಯಾಗಿ, ರಾತ್ರಿ ಬೋರ್ಡಿನ ಮೇಲೆ ಹನಿಗಟ್ಟುತ್ತದೆ. ಬೈಕಿನ ಹೆಡ್‌ಲೈಟಿನೊಳಗೆ ಮಂಜು ಕಟ್ಟುವುದನ್ನು ನೋಡಿದ್ದೀರಲ್ಲ, ಅದೇ ಇದು.

'ಐಪಿ67 ಡಬ್ಬಿ ಕೊಂಡರಾಯಿತಲ್ಲ' ಎನ್ನಬಹುದು. ಅದರಲ್ಲಿ 6 ಎಂದರೆ ದೂಳು ನುಗ್ಗದು, 7 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ. ಆದರೆ ಆ ಪರೀಕ್ಷೆಯಲ್ಲಿ ನೀರಿಗೂ ಡಬ್ಬಿಗೂ 5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರುವಂತಿಲ್ಲ! ಕಾದ ಡಬ್ಬಿಯ ಮೇಲೆ ತಣ್ಣನೆಯ ಮಳೆ ಸುರಿಯುವುದು ಆ ಲೆಕ್ಕದಲ್ಲಿ ಇಲ್ಲ.

ಹಾಗಾಗಿ ಡಬ್ಬಿಗೆ ಉಸಿರಾಡಲು ಬಿಡಬೇಕು. ಗಾಳಿ ಮತ್ತು ಆವಿಯನ್ನು ಬಿಟ್ಟು ನೀರಹನಿಯನ್ನು ತಡೆಯುವ ಪಿಟಿಎಫ್‌ಇ ಪೊರೆಯ ಸಣ್ಣ ಮುಚ್ಚಳಗಳು ಸಿಗುತ್ತವೆ. ಅಂಥದೊಂದನ್ನು ಡಬ್ಬಿಯ ಪಕ್ಕಕ್ಕೆ ಕೂರಿಸಿ. ವೈರುಗಳನ್ನು ಕೆಳಗಿನಿಂದ, ಕೇಬಲ್ ಗ್ಲ್ಯಾಂಡ್ ಮೂಲಕ ತನ್ನಿ. ಹೊರಗೆ ಅವು ಸ್ವಲ್ಪ ಜೋತುಬಿದ್ದಿರಲಿ, ಹನಿ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ತಿರುಗುವ ಷಾಫ್ಟಿನ ಸುತ್ತ ನೀರು ತಡೆಯುವುದು ಬಲು ಕಷ್ಟ. ಮೋಟಾರನ್ನು ಡಬ್ಬಿಯ ಹೊರಗೇ ಇಡುವುದು ಮೇಲು. ವಿನೆಗರ್ ವಾಸನೆಯ ಸಿಲಿಕೋನ್ ಅಂಟನ್ನು ಮಾತ್ರ ಬೋರ್ಡಿನ ಹತ್ತಿರ ತರಬೇಡಿ, ಅದರಿಂದ ಹೊರಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಕಿಟ್‌ಗಳಲ್ಲಿ ಬರುವ ಹಳದಿ ಮೋಟಾರಿನ ಪ್ಲಾಸ್ಟಿಕ್ ಗೇರು ಕಲ್ಲು, ಹುಲ್ಲುಗಳ ನಡುವೆ ಬಹಳ ದಿನ ಬಾಳದು. ಲೋಹದ ಗೇರಿನದು ಬೇಕು. ಎರಡು ಕಣ್ಣಿನ ಅಲ್ಟ್ರಾಸಾನಿಕ್ ಸೆನ್ಸರ್ ಕೂಡ ಮಳೆಗೆ ಆಗದು. ಕಾರಿನ ಹಿಂಬದಿ ಬಂಪರಿನಲ್ಲಿರುತ್ತದಲ್ಲ, ಅಂಥ ಮುಚ್ಚಿದ ಸೆನ್ಸರ್ ಹಾಕಿ.

ಇಷ್ಟಾದ ಮೇಲೂ ನೀರು ಹೊಕ್ಕರೆ? ಬೋರ್ಡ್ ಹೋದರೆ ಹೋಗಲಿ, ಬ್ಯಾಟರಿಯ ಬಗ್ಗೆ ಎಚ್ಚರ. ಒದ್ದೆಯಾದ ಅಥವಾ ಊದಿಕೊಂಡ ಲಿಥಿಯಂ ಬ್ಯಾಟರಿಯನ್ನು 'ಅಕ್ಕಿಯಲ್ಲಿಟ್ಟು ಒಣಗಿಸಿ' ಮತ್ತೆ ಚಾರ್ಜ್ ಮಾಡಬೇಡಿ. ಒಳಗಡೆ ಶಾರ್ಟ್ ಆಗಿದ್ದರೆ ಗಂಟೆಗಳ ನಂತರವೂ ಬೆಂಕಿ ಹೊತ್ತಬಹುದು. ಅದನ್ನು ಮನೆಯ ಹೊರಗೆ, ಉರಿಯುವ ವಸ್ತುಗಳಿಂದ ದೂರ ಇಟ್ಟು, ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.